ಕಾರಂತಜ್ಜ ಎಂತ ಕೆಲಸ ಮಾಡ್ತಿದ್ರು?

ಇಯರ್‌ಫೋನ್ ಹಾಕ್ಕೊಂಡು ಉಡುಪಿ–ಮಣಿಪಾಲ ಬಸ್ಸಲ್ಲಿ ನಿಂತಿದ್ದೀರೋ, ಕಾರ್ಕಳದ ಬಸ್ಸಿಗೆ ಕಾಯ್ತಿದ್ದೀರೋ ಗೊತ್ತಿಲ್ಲ. ಇವತ್ತು ಒಬ್ಬ ಅಜ್ಜನ ವಿಷಯ ಮಾತಾಡುವ. ನನ್ನ ಅಜ್ಜ ಅಲ್ಲ, ನಿಮ್ಮ ಅಜ್ಜನೂ ಅಲ್ಲ. ಆದರೆ ನಮ್ಮ ಕಡೆಯ ಮಕ್ಕಳು 'ಅಜ್ಜ' ಅಂತಲೇ ಕರೆದ ಮನುಷ್ಯ: ಕೋಟ ಶಿವರಾಮ ಕಾರಂತ.

ಮಣಿಪಾಲದಿಂದ ಬರುವ 'ತರಂಗ' ವಾರಪತ್ರಿಕೆಗೆ ಮಕ್ಕಳು ಪ್ರಶ್ನೆ ಬರೆದು ಕಳಿಸುತ್ತಿದ್ದರು, ಕಾರಂತಜ್ಜ ಉತ್ತರ ಕೊಡುತ್ತಿದ್ದರು. ಈಗ ಮೂವತ್ತೈದು, ನಲವತ್ತು ದಾಟಿದ ಅಕ್ಕಂದಿರನ್ನ, ಅಣ್ಣಂದಿರನ್ನ ಕೇಳಿ ನೋಡಿ. ಕಾದಂಬರಿ ಓದದವರಿಗೂ ಅಜ್ಜನ ಆ ಪುಟ ನೆನಪಿರುತ್ತದೆ.

ನಾನು ಬಿ.ಕಾಂ. ಓದಿದವ. ಹಾಗಾಗಿ ಯಾರ ಜೀವನಚರಿತ್ರೆ ಓದಿದರೂ ಒಂದು ಕೆಟ್ಟ ಕುತೂಹಲ ಇಣುಕುತ್ತದೆ: ಇವರ ಆದಾಯ ಎಲ್ಲಿಂದ ಬರ್ತಿತ್ತು? ಕಾರಂತರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಒಂದು ಸಾಹಸ ಮಾರಾಯ್ರೆ.

ಹುಟ್ಟಿದ್ದು 1902ರ ಅಕ್ಟೋಬರ್ 10, ಕೋಟದಲ್ಲಿ. ಗಾಂಧೀಜಿಯ ಅಸಹಕಾರ ಚಳವಳಿ ಬಂತು, ಹುಡುಗ ಕಾಲೇಜು ಬಿಟ್ಟ. ಆಮೇಲೆ 'ವಸಂತ' ಅಂತ ಮಾಸಪತ್ರಿಕೆ. ಆಮೇಲೆ ನಾಟಕ. ಆಮೇಲೆ ಸಿನಿಮಾದ ಹುಚ್ಚು ಹಿಡಿದು 'ಡೊಮಿಂಗೋ', 'ಭೂತರಾಜ್ಯ' ಅಂತ ಮೂಕಿ ಚಿತ್ರಗಳು. ಪುತ್ತೂರಿಗೆ ಹೋಗಿ ಬಾಲವನ ಕಟ್ಟಿದರು, ಮಕ್ಕಳು ಆಡುತ್ತಾ ಕಲಿಯುವ ಜಾಗ. ಅಲ್ಲಿ ಹರ್ಷ ಮುದ್ರಣಾಲಯ, ಹರ್ಷ ಪ್ರಕಾಶನ. ಅಂದ್ರೆ ಬರೆಯುವುದು ಇವರೇ, ಅಚ್ಚು ಹಾಕಿಸುವುದು ಇವರೇ, ಎಷ್ಟೋ ಪುಸ್ತಕಕ್ಕೆ ಮುಖಪುಟದ ಚಿತ್ರವೂ ಇವರದ್ದೇ. ಇವತ್ತು ನಾವು ರೆಕಾರ್ಡಿಂಗ್, ಎಡಿಟಿಂಗ್, ಪೋಸ್ಟರ್ ಎಲ್ಲ ಒಬ್ಬರೇ ಮಾಡಿ 'ಇಂಡಿಪೆಂಡೆಂಟ್' ಅಂತ ಎದೆ ತಟ್ಟಿಕೊಳ್ತೇವಲ್ಲ, ಅವರು ಅದನ್ನು ಮೊಳೆ ಜೋಡಿಸುವ ಕಾಲದಲ್ಲೇ ಮಾಡಿ ಮುಗಿಸಿದ್ದರು. ಒಂದನೇ ತಾರೀಕಿನ ಸಂಬಳ ಹಿಡಿದು ಕೂತ ಜೀವ ಅಲ್ಲ ಅದು. 47 ಕಾದಂಬರಿ. ಮಕ್ಕಳಿಗಾಗಿ ಮೂರು ಸಂಪುಟದ 'ಬಾಲಪ್ರಪಂಚ'. ದೊಡ್ಡವರಿಗೆ ನಾಲ್ಕು ಸಂಪುಟದ 'ವಿಜ್ಞಾನ ಪ್ರಪಂಚ'. ವಿಶ್ವಕೋಶ ಅಂದ್ರೆ ಒಂದು ಸಂಪಾದಕ ಮಂಡಳಿ, ಒಂದು ಕಚೇರಿ ಬೇಕು ಅಂತ ಇವರಿಗೆ ಯಾರೂ ಹೇಳಿರಲಿಲ್ಲವೋ ಏನೋ.

ಈ ಎಲ್ಲದರ ಹಿಂದೆ ಒಂದು ಮನೆ ಇತ್ತು. 1936ರಲ್ಲಿ ಲೀಲಾ ಆಳ್ವರನ್ನು ಮದುವೆಯಾದರು. ಇವರು ಬ್ರಾಹ್ಮಣರು, ಅವರು ಬಂಟರು. 1936ರಲ್ಲಿ ದಕ್ಷಿಣ ಕನ್ನಡದಲ್ಲಿ ಇಂಥ ಮದುವೆ ಅಂದ್ರೆ ಊರಿನ ಬಾಯಿ ಹೇಗಿದ್ದಿರಬಹುದು, ನೀವೇ ಯೋಚಿಸಿ. ಲೀಲಾ ಬಾಲ್ಯದಲ್ಲಿ ಮರಾಠಿಯಲ್ಲಿ ಓದಿದವರು. ಮದುವೆಯ ನಂತರ ಕನ್ನಡವನ್ನು ಮತ್ತೆ ಕಲಿತು, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯೊಂದನ್ನು ಕನ್ನಡಕ್ಕೆ ತಂದರು. ಗಂಡನ ನೃತ್ಯರೂಪಕಗಳಲ್ಲಿ ಕುಣಿದರು ಕೂಡ. ಕಾರಂತರ ಬಗ್ಗೆ ಭಾಷಣ ಮಾಡುವವರು ಲೀಲಾ ಅವರನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ನಾಲ್ಕು ಮಕ್ಕಳು: ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ. ಹಿರಿಮಗ ಹರ್ಷ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಉಳಿದ ಮೂವರು ಸೇರಿ ಅಪ್ಪ ಅಮ್ಮನ ಬಗ್ಗೆ ಬರೆದ 'ಗ್ರೋಯಿಂಗ್ ಅಪ್ ಕಾರಂತ್' 2021ರಲ್ಲಿ ಬಂತು. ಆ ಮನೆಯನ್ನು ಒಳಗಿನಿಂದ ನೋಡಬೇಕಾದರೆ ಅದನ್ನು ಓದಿ.

ಈಗ ನನಗೆ ತುಂಬಾ ಇಷ್ಟದ ವಿಷಯ, ಅಜ್ಜನ ತಿರುಗಾಟ.

ನಾವು 'ಕೆರಿಯರ್' ಬೇರೆ, 'ಹಾಬಿ' ಬೇರೆ ಅಂತ ರೆಸ್ಯೂಮೆಯಲ್ಲಿ ಎರಡು ಕಾಲಂ ಮಾಡ್ತೇವೆ. ಟ್ರೆಕ್ಕಿಂಗ್ ಕೊನೆಯ ಸಾಲಿನಲ್ಲಿ ಬರುತ್ತದೆ. ಕಾರಂತರಿಗೆ ಆ ಗೆರೆಯೇ ಇರಲಿಲ್ಲ. ಸುಬ್ರಹ್ಮಣ್ಯದ ಕಡೆಯ ಘಟ್ಟದ ತಪ್ಪಲಿನ ಬದುಕು 1943ರಲ್ಲಿ 'ಬೆಟ್ಟದ ಜೀವ' ಆಯಿತು. ಅದರಲ್ಲಿ ದಾರಿ ತಪ್ಪಿದ ಒಬ್ಬನಿಗೆ ಕಾಡಿನ ನಡುವೆ ಗೋಪಾಲಯ್ಯ, ಶಂಕರಿ ಅನ್ನುವ ಮುದಿ ದಂಪತಿ ಆಸರೆ ಕೊಡುತ್ತಾರೆ. ಮಗ ಮನೆ ಬಿಟ್ಟು ಹೋಗಿದ್ದಾನೆ, ಇವರು ಕಾಯ್ತಾ ಇದ್ದಾರೆ. ಬೆಂಗಳೂರಲ್ಲಿ ಪಿ.ಜಿ.ಯಲ್ಲಿ ಇರುವವರು ರಾತ್ರಿ ಹೊತ್ತು ಓದಬೇಡಿ, ಮನೆಗೆ ಫೋನ್ ಮಾಡಬೇಕು ಅನ್ನಿಸ್ತದೆ. ಇನ್ನು ಆಟ ನೋಡುವ ಹುಚ್ಚು. ಊರೂರು ಸುತ್ತಿ, ಹಳೇ ಪ್ರಸಂಗಗಳನ್ನು ಹುಡುಕಿ 'ಯಕ್ಷಗಾನ ಬಯಲಾಟ' ಬರೆದರು. 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿದ್ದು ಯಾವ ಕಾದಂಬರಿಗೂ ಅಲ್ಲ, ಈ ಪುಸ್ತಕಕ್ಕೆ. ಜ್ಞಾನಪೀಠ ತಂದುಕೊಟ್ಟಿದ್ದು 'ಮೂಕಜ್ಜಿಯ ಕನಸುಗಳು'. ಅಜ್ಜನಿಗೆ ದೊಡ್ಡ ಪ್ರಶಸ್ತಿ ಕೊಡಿಸಿದ್ದು ಒಬ್ಬ ಅಜ್ಜಿ!

ತಿರುಗಾಟ ಮಗನಿಗೂ ಅಂಟಿಕೊಂಡಿತು. ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಕೊನೆಗೆ ಹುಲಿಗಳ ಹಿಂದೆ ಹೋದವರು. ನಾಗರಹೊಳೆಯ ಹುಲಿ ಅಧ್ಯಯನ ಎಲ್ಲರಿಗೂ ಗೊತ್ತು. ನಮಗೆ ಹತ್ತಿರದ ಸಂಗತಿ ಬೇರೆ. ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಘಟ್ಟ ಹತ್ತುತ್ತೇವಲ್ಲ, ಆ ಕುದುರೆಮುಖದ ಕಾಡಿನಲ್ಲಿ ಅವರು 1980ರ ದಶಕದಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದರು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಆಗುವುದಕ್ಕೆ ಆ ಕೆಲಸವೂ ಕಾರಣ. ಮುಂದಿನ ಸಲ ಮಳೆಗಾಲದಲ್ಲಿ ಅಲ್ಲಿ ಬೈಕ್ ನಿಲ್ಲಿಸಿ ರೀಲ್ಸ್ ಮಾಡುವಾಗ ನೆನಪಿರಲಿ.

ಅಪ್ಪನದ್ದು ಇನ್ನೂ ಜೋರು. ತುರ್ತುಪರಿಸ್ಥಿತಿ ಬಂದಾಗ ಪದ್ಮಭೂಷಣ ವಾಪಸ್ ಕೊಟ್ಟರು. ಕಾಳಿ ನದಿ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಅಂದಾಗ ಬೀದಿಗಿಳಿದರು. 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು, ಇದೇ ವಿಷಯ ಇಟ್ಟುಕೊಂಡು. ಆಗ ವಯಸ್ಸು 87. ಅವರ ವಯಸ್ಸಿನವರು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕ್ತಿದ್ದ ಹೊತ್ತು! ಸೋತರು. ಸ್ಥಾವರವೂ ಬಂತು, 2000ದಲ್ಲಿ ವಿದ್ಯುತ್ ಕೊಡಲು ಶುರುಮಾಡಿತು. 'ಅಜ್ಜನಿಗೆ ಯಾಕೆ ಬೇಕಿತ್ತು' ಅಂತ ಹೇಳುವುದು ಸುಲಭ. ನಾನೂ ಈ ಮಾತಾಡ್ತಿರುವುದು ಕರೆಂಟಿಂದಲೇ ಚಾರ್ಜ್ ಆದ ಲ್ಯಾಪ್‌ಟಾಪ್ ಮುಂದೆ. ಆದರೆ ಕಾಪು ದಾಟಿ ಪಡುಬಿದ್ರಿ ಕಡೆ ಹೋಗುವಾಗ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ಚಿಮಣಿ ಕಾಣ್ತದಲ್ಲ, ಆಗೆಲ್ಲ ಕಾರಂತರ ಪ್ರಶ್ನೆ ನನ್ನ ತಲೆಗೆ ಬರುತ್ತದೆ: ದೀಪ ಯಾರ ಮನೆಯಲ್ಲಿ, ಬೂದಿ ಯಾರ ಅಂಗಳದಲ್ಲಿ? ಈ ಮಾತು ನನ್ನದು, ಅವರು ಹೇಳಿದ್ದಲ್ಲ. ವಾಟ್ಸಾಪ್‌ನಲ್ಲಿ ಅವರ ಫೋಟೋ ಕೆಳಗೆ ಹಾಕಿಬಿಡಬೇಡಿ.

ಕೊನೆಯ ವರ್ಷಗಳಲ್ಲಿ ಅವರು ಕೋಟದ ಪಕ್ಕದ ಸಾಲಿಗ್ರಾಮದಲ್ಲಿದ್ದರು. 1986ರಲ್ಲಿ ಲೀಲಾ ತೀರಿಕೊಂಡಿದ್ದರು. 1997ರ ಡಿಸೆಂಬರ್ 9ರಂದು ಮಣಿಪಾಲದ ಆಸ್ಪತ್ರೆಯಲ್ಲಿ ಅಜ್ಜ ಹೋದರು. 95 ವರ್ಷ. ಆ ವಯಸ್ಸಿನಲ್ಲಿ ಅವರು ಬರೆದದ್ದು ಎಂತ ಗೊತ್ತಾ? ಹಕ್ಕಿಗಳ ಬಗ್ಗೆ ಒಂದು ಪುಸ್ತಕ. ಅದು ಅಚ್ಚಾಗಿ ಬಂದಿದ್ದು ಅವರು ಹೋದ ಐದು ವರ್ಷದ ಮೇಲೆ, 2002ರಲ್ಲಿ, ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಊರಿನ ಲೈಬ್ರರಿಯಲ್ಲಿ ಸಿಕ್ಕರೆ ಎತ್ತಿಕೊಳ್ಳಿ.