ಉಪ್ಪಿನ ಗುರುತು ಹಿಡಿಯುವ ಜೀವಗಳು



ನಾನು ಕುಮಟಾ ಕಡೆಯವನು. ಅಘನಾಶಿನಿ ಅಳಿವೆಯಲ್ಲಿ ನೀರು ಇಳಿಯುತ್ತಲೇ ಹೆಂಗಸರು ಬುಟ್ಟಿ ಹಿಡಿದು ಬಳಚು ಎಂಬ ಚಿಪ್ಪುಜೀವಿಗಳನ್ನು ಆರಿಸಲು ಇಳಿಯುವುದನ್ನು ನೋಡುತ್ತ ಬೆಳೆದವನು. ಪೆರಿಯಾರ್ ಹೊಳೆ ಕವಲೊಡೆದು ಸುತ್ತುವರಿದ ನಿಮ್ಮ ಈ ಏಲೂರು ದ್ವೀಪಕ್ಕೆ ಬಂದಾಗ ಮೊದಲು ಕೇಳಿದ್ದು, ಬೇಸಿಗೆಯಲ್ಲಿ ಇಲ್ಲಿಯವರೆಗೂ ಉಪ್ಪುನೀರು ಏರುತ್ತದೆಯೇ ಎಂದು.

ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಳೆಗಾಲದಲ್ಲಿ ಕೊಚ್ಚಿಯ ಹಿನ್ನೀರಿನ ಮೇಲ್ಪದರ ಬಹುಮಟ್ಟಿಗೆ ಸಿಹಿ. ಬೇಸಿಗೆಯಲ್ಲಿ ಅಳಿವೆಯ ಬಾಯಿ ಹತ್ತಿರ ಅದೇ ನೀರು ಹೆಚ್ಚುಕಡಿಮೆ ಕಡಲೇ ಆಗಿಬಿಡುತ್ತದೆ. ಉಪ್ಪುನೀರು ಭಾರ, ಹಾಗಾಗಿ ಉಬ್ಬರದಲ್ಲಿ ಅದು ಸಿಹಿನೀರಿನ ಅಡಿಯಲ್ಲಿ ತೂರಿಕೊಂಡು ಒಳನಾಡಿನತ್ತ ಬರುತ್ತದೆ. ದೋಣಿಯಲ್ಲಿ ಕೂತವನು ಮುಟ್ಟುವ ನೀರೇ ಬೇರೆ, ಕೆಸರಿನಲ್ಲಿ ಹೂತ ಚಿಪ್ಪು ಕುಡಿಯುವ ನೀರೇ ಬೇರೆ.

ಓಡಿಹೋಗಲಾರದ ಚಿಪ್ಪುಜೀವಿ ಇದನ್ನು ಹೇಗೆ ತಾಳುತ್ತದೆ? ಹೊರಗೆ ಉಪ್ಪು ಕಡಿಮೆಯಾದರೆ ನೀರು ಮೈಯೊಳಗೆ ನುಗ್ಗಿ ಜೀವಕೋಶಗಳು ಊದಿಕೊಳ್ಳುತ್ತವೆ. ಆಗ ಅದು ಚಿಪ್ಪನ್ನು ಬಿಗಿಯಾಗಿ ಮುಚ್ಚಿ, ಆಮ್ಲಜನಕವಿಲ್ಲದೆಯೂ ಕೆಲಕಾಲ ಬದುಕುತ್ತದೆ. ಒಳಗೆ ಕೋಶಗಳು ತಮ್ಮಲ್ಲಿರುವ ಅಮೈನೋ ಆಮ್ಲಗಳನ್ನು ಹೊರಹಾಕಿ ಹೊರಗಿನ ನೀರಿಗೆ ಸರಿಸಮವಾಗಲು ದುಡಿಯುತ್ತಿರುತ್ತವೆ. ವೇಂಬನಾಡು ಸರೋವರದ ಕಪ್ಪು ಚಿಪ್ಪು ಬಹಳ ಕಡಿಮೆ ಉಪ್ಪಿನಲ್ಲೂ ಬಾಳುತ್ತದೆ. ಆದರೆ ಅದರ ಮರಿಗಳಿಗೆ ಒಂದಿಷ್ಟು ಉಪ್ಪು ಬೇಕೇ ಬೇಕು. ಉಪ್ಪುನೀರು ತಡೆಯಲು 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಕಟ್ಟು ಬಂದ ಮೇಲೆ ಅದರ ದಕ್ಷಿಣಕ್ಕೆ ಕೊರತೆಯಾದದ್ದು ಆ ಉಪ್ಪೇ.

ಸಿಗಡಿಯ ಕತೆ ನನಗೆ ಇನ್ನೂ ಪ್ರಿಯ. ಅದು ಮೊಟ್ಟೆಯಿಡುವುದು ಕಡಲಲ್ಲಿ, ಮರಿ ಬೆಳೆಯುವುದು ಹಿನ್ನೀರಿನಲ್ಲಿ. ಉಗುರಿನಷ್ಟೂ ಉದ್ದವಿಲ್ಲದ ಮರಿಗೆ ಹೊಳೆಯ ಎದುರು ಈಜುವ ಬಲವೆಲ್ಲಿ? ಉಬ್ಬರ ಬಂದಾಗ ಅದು ನೀರಿನಲ್ಲಿ ಮೇಲೇಳುತ್ತದೆ, ಇಳಿತದಲ್ಲಿ ತಳಕ್ಕೆ ಕೂರುತ್ತದೆ. ಹೀಗೆ ಬಾರಿ ಬಾರಿ ಹತ್ತಿ ಇಳಿದು ಮೈಲುಗಟ್ಟಲೆ ಒಳಗೆ ಬರುತ್ತದೆ. ಯಾವಾಗ ಏಳಬೇಕೆಂದು ಅದಕ್ಕೆ ತಿಳಿಸುವುದು ಉಪ್ಪಿನ ಏರಿಳಿತ, ನೀರಿನ ಒತ್ತಡ.

ಈ ಗುಟ್ಟು ರೈತರಿಗೆ ಯಾವತ್ತೋ ಗೊತ್ತಿತ್ತು. ಪಕ್ಕದ ಕಡಮಕುಡಿಯ ಪೊಕ್ಕಾಳಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಭತ್ತ, ಕೊಯ್ಲಾದ ಮೇಲೆ ಸಿಗಡಿ. ರಾತ್ರಿ ತೂಬಿನ ಬಾಯಲ್ಲಿ ದೀಪ ಕಟ್ಟಿ, ಉಬ್ಬರದ ಜತೆ ಮರಿಗಳನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ನಮ್ಮ ಕಡೆಯ ಗಜನಿ ಗದ್ದೆಗಳಲ್ಲೂ ಹೀಗೆಯೇ, ಕಗ್ಗ ಭತ್ತದ ನಂತರ ಸಿಗಡಿ, ಮೀನು. ಇಲ್ಲಿನ ಪೊಕ್ಕಾಳಿ ಮಣ್ಣನ್ನು ಮುಟ್ಟಿದಾಗ ನನಗೆ ಊರಿಗೆ ಹೋದಷ್ಟೇ ಸಂತೋಷವಾಯಿತು.

ಇನ್ನು ನಿಮ್ಮ ಪಾತಾಳಂ ಕಟ್ಟಿನ ಮಾತು. ಮೇಲಿನ ನೀರಿಗೆ ಉಪ್ಪು ಸೇರದಿರಲೆಂದು ಅದರ ಬಾಗಿಲುಗಳನ್ನು ಮುಚ್ಚುತ್ತಾರೆ. ಕುಡಿಯುವ ನೀರಿಗೂ ಕಾರ್ಖಾನೆಗಳಿಗೂ ಅದು ಬೇಕು, ಒಪ್ಪುತ್ತೇನೆ. ಆದರೆ ಹರಿಯದ ನೀರಿನ ತಳದಲ್ಲಿ ಕೊಳೆ ಕೂತು, ಕೊಳೆಯುತ್ತ ಆಮ್ಲಜನಕವನ್ನು ತಿಂದುಹಾಕುತ್ತದೆ. 2024ರ ಮೇ ತಿಂಗಳಲ್ಲಿ ಮಳೆ ಬಂದು ಬಾಗಿಲು ತೆರೆದಾಗ ಕೆಳಗೆ ಏನಾಯಿತೆಂದು ನೀವು ಕಣ್ಣಾರೆ ಕಂಡಿದ್ದೀರಿ. ವರಾಪುಳದವರೆಗೆ ಹೊಳೆಯ ತುಂಬ ಸತ್ತ ಮೀನು. ಮಾಲಿನ್ಯ ನಿಯಂತ್ರಣ ಮಂಡಳಿ ಆಮ್ಲಜನಕದ ಕುಸಿತವನ್ನು ಮುಂದಿಟ್ಟಿತು; ಕೇರಳ ಮೀನುಗಾರಿಕೆ ವಿಶ್ವವಿದ್ಯಾಲಯದವರು ಅಮೋನಿಯಾ, ಸಲ್ಫೈಡ್‌ಗಳತ್ತ ಬೊಟ್ಟು ಮಾಡಿದರು. ನನ್ನ ದೃಷ್ಟಿಯಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ: ಉಸಿರುಕಟ್ಟಿದ ಕೆಸರಿನಲ್ಲೇ ಸಲ್ಫೈಡ್ ಹುಟ್ಟುವುದು. ತಾವಾಗಿ ಈಜುವ ಮೀನು ಸಣ್ಣ ತೋಡುಗಳಿಗೆ ತಪ್ಪಿಸಿಕೊಳ್ಳಬಹುದಿತ್ತು. ಸಾಲ ಮಾಡಿ ಸಾಕಿದ ಪಂಜರದ ಕರಿಮೀನಿಗೆ ಆ ದಾರಿಯೂ ಇರಲಿಲ್ಲ.

ಬಾಗಿಲು ತೆರೆಯುವ ಮೊದಲು ಕಟ್ಟಿನ ಎರಡೂ ಬದಿಯಲ್ಲಿ, ಮೇಲೆ ಮಾತ್ರವಲ್ಲ ತಳದಲ್ಲೂ, ಉಪ್ಪು ಮತ್ತು ಆಮ್ಲಜನಕ ಅಳೆದು ಆ ಅಂಕಿಯನ್ನು ದಡದ ಹಲಗೆಯ ಮೇಲೆ ಬರೆಯಲಿ. ಮೀನು ಕೃಷಿಕನಿಗೆ ಆರು ತಾಸು ಮೊದಲು ತಿಳಿದರೂ ಸಾಕು, ಅವನು ಪಂಜರ ಎಳೆದುಕೊಂಡು ಹೋಗುತ್ತಾನೆ.