ರೊಟ್ಟಿ ಇಳಿಯದಿದ್ದರೆ ತಡಮಾಡಬೇಡಿ



ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಹಿರಿಯರು ಜೋಳದ ರೊಟ್ಟಿ ಎದೆಯಲ್ಲಿ ಹತ್ತಿ ನಿಂತರೆ ಹಾಲಿನಲ್ಲಿ ನೆನೆಸಿ ಉಣ್ಣುತ್ತಾರೆ. ಅದೂ ಇಳಿಯದಿದ್ದರೆ ಅಂಬಲಿ ಕುಡಿಯುತ್ತಾರೆ. ಹೀಗೆ ತಿಂಗಳುಗಟ್ಟಲೆ ಕಳೆಯುತ್ತದೆ. ಅನ್ನನಾಳದಲ್ಲಿ ಕ್ಯಾನ್ಸರ್ ಗಡ್ಡೆ ಇದ್ದರೆ ಅದು ಅಷ್ಟರಲ್ಲಿ ಬೆಳೆದುಬಿಡುತ್ತದೆ.

ಅನ್ನನಾಳವು ಸುಮಾರು 25 ಸೆಂ.ಮೀ. ಉದ್ದದ ಕೊಳವೆ. ಅದರ ಒಳಭಾಗವನ್ನು ಕಣ್ಣಾರೆ ನೋಡುವ ವಿಧಾನವೇ ಎಂಡೋಸ್ಕೋಪಿ. ಜನರ ಮಾತಿನಲ್ಲಿ ದುರ್ಬೀನು ಪರೀಕ್ಷೆ. ಇದಕ್ಕೆ 6ರಿಂದ 8 ತಾಸು ಏನೂ ತಿನ್ನದೆ ಬರಬೇಕು. ಗಂಟಲು ಮರಗಟ್ಟುವಂತೆ ಔಷಧ ಸಿಂಪಡಿಸಿ, ತುದಿಯಲ್ಲಿ ದೀಪ, ಕ್ಯಾಮೆರಾ ಇರುವ ಕಿರುಬೆರಳಿನಷ್ಟು ದಪ್ಪದ, ಬಾಗುವ ನಳಿಕೆಯನ್ನು ಬಾಯಿಯಿಂದ ಇಳಿಸುತ್ತಾರೆ. ವಾಕರಿಕೆ ಬರಬಹುದು, ಆದರೆ ಶ್ವಾಸನಾಳ ಬೇರೆಯಾದ್ದರಿಂದ ಉಸಿರಾಟ ನಡೆಯುತ್ತಲೇ ಇರುತ್ತದೆ. ಸಾಮಾನ್ಯವಾಗಿ 5ರಿಂದ 10 ನಿಮಿಷದಲ್ಲಿ ಮುಗಿಯುತ್ತದೆ.

ಹುಣ್ಣು, ಗಡ್ಡೆ ಕಂಡರೆ ಚಿಕ್ಕ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚೂರು ತೆಗೆದರೆ ರೋಗ ಹರಡುತ್ತದೆ ಎಂದು ಹೆದರಬೇಡಿ. ಪರೀಕ್ಷೆ ಇಲ್ಲದೆ ರೋಗ ಯಾವುದೆಂದು ಖಚಿತವಾಗದು. ಇದೇ ನಳಿಕೆಯಿಂದ ಮಕ್ಕಳು ನುಂಗಿದ ನಾಣ್ಯ ತೆಗೆಯಬಹುದು, ಇಕ್ಕಟ್ಟಾದ ದಾರಿ ಹಿಗ್ಗಿಸಬಹುದು, ರಕ್ತ ಸೋರುವ ನಾಳಕ್ಕೆ ರಬ್ಬರ್ ಉಂಗುರ ಹಾಕಬಹುದು.

ರಕ್ತ ತೆಳುವಾಗಿಸುವ ಗುಳಿಗೆ, ಸಕ್ಕರೆ ಕಾಯಿಲೆಯ ಔಷಧ ತೆಗೆದುಕೊಳ್ಳುವವರು ಮೊದಲೇ ವೈದ್ಯರಿಗೆ ತಿಳಿಸಿರಿ. ಕಟ್ಟಿಸಿದ ಹಲ್ಲು ತೆಗೆದಿಡಿರಿ.

ತಂಬಾಕು, ಗುಟಕಾ, ಬೀಡಿ, ಸರಾಯಿ ಇಂದೇ ಬಿಡಿರಿ. ನುಂಗುವ ತೊಂದರೆ ಎರಡು ವಾರ ದಾಟಲು ಬಿಡಬೇಡಿರಿ. ರಕ್ತ ವಾಂತಿಯಾದರೆ, ನೀರೂ ಇಳಿಯದಿದ್ದರೆ ಕೂಡಲೇ ಬನ್ನಿರಿ. ಕ್ಯಾನ್ಸರ್ ಎಂದು ತಿಳಿದರೂ ಧೈರ್ಯಗೆಡಬೇಡಿರಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ. ಬೇಗ ಬಂದವರಿಗೆ ಗುಣವಾಗುವ ಅವಕಾಶ ಹೆಚ್ಚು.