ಯೀಸ್ಟ್‌ಗಳ ರೋಗಕಾರಕ ಶಕ್ತಿಯನ್ನು ಅಳೆಯುವ ಬಗೆ



ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ನಮಗೆ ಉಪಕಾರಿ. ಆದರೆ ಇಂತಹುದೇ ಏಕಕೋಶ ಶಿಲೀಂಧ್ರಗಳಲ್ಲಿ ಕೆಲವು ರೋಗಕಾರಕಗಳೂ ಉಂಟು. ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟ್ ಆರೋಗ್ಯವಂತರ ಬಾಯಿ, ಕರುಳುಗಳಲ್ಲಿ ಉಪದ್ರವ ಕೊಡದೆ ನೆಲೆಸಿರುತ್ತದೆ. ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗ ರಕ್ತವನ್ನು ಸೇರಿ ಪ್ರಾಣಕ್ಕೇ ಸಂಚಕಾರ ತರಬಲ್ಲದು. ಈ ಉಗ್ರತೆ ಅದರ ಯಾವ ಗುಣದಿಂದ ಬರುತ್ತದೆ?

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಯೀಸ್ಟ್ ಮಾತ್ರದಿಂದ ಇದಕ್ಕೆ ಪೂರ್ಣ ಉತ್ತರ ದೊರೆಯದು. ರೋಗವೆಂಬುದು ಸೂಕ್ಷ್ಮಜೀವಿಗೂ ದೇಹಕ್ಕೂ ನಡೆಯುವ ಹೋರಾಟದ ಫಲ. ಆದುದರಿಂದ ವಿಜ್ಞಾನಿಗಳು ಪ್ರಯೋಗಾಲಯದ ಇಲಿಗಳಿಗೆ ಸೋಂಕು ತಗುಲಿಸಿ ಅಧ್ಯಯನ ನಡೆಸುತ್ತಾರೆ. ಈ ಯೀಸ್ಟ್ ಉದ್ದನೆಯ ಎಳೆಗಳ ರೂಪವನ್ನೂ ತಾಳಬಲ್ಲದು. ಎಳೆಯಾಗಿ ಬೆಳೆಯಲಾರದಂತೆ ಮಾರ್ಪಡಿಸಿದ ತಳಿಯು ಇಲಿಗಳಲ್ಲಿ ಮಾರಕವಾಗಲಿಲ್ಲವೆಂದು 1997ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಇಲಿಗಳ ಬಳಕೆಯನ್ನು ಮಿತಗೊಳಿಸಲು ನೆರವಾದುದು, ಜೇನುಗೂಡಿನ ಮೇಣವನ್ನು ತಿಂದು ಹಾಳುಮಾಡುವ ಪತಂಗದ ಮರಿಹುಳು. ಇದು ನಮ್ಮ ದೇಹದ ಉಷ್ಣತೆಯಾದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಬದುಕಬಲ್ಲದು. ನಮ್ಮ ಬಿಳಿ ರಕ್ತಕಣಗಳಂತೆ ಇದರ ದೇಹದ್ರವದಲ್ಲಿಯೂ ಸೂಕ್ಷ್ಮಜೀವಿಗಳನ್ನು ನುಂಗುವ ಕೋಶಗಳಿವೆ. ಸಣ್ಣ ಸೂಜಿಯಿಂದ ಕೆಲವು ಹುಳುಗಳಿಗೆ ಯೀಸ್ಟನ್ನೂ, ಹೋಲಿಕೆಗಾಗಿ ಬೇರೆ ಕೆಲವಕ್ಕೆ ಶುದ್ಧ ಲವಣ ದ್ರಾವಣವನ್ನೂ ಚುಚ್ಚುತ್ತಾರೆ. ಸೋಂಕು ಬಲಿತಂತೆ ಹುಳು ಕಪ್ಪಾಗುತ್ತದೆ. ದಿನದಿನವೂ ಸತ್ತವನ್ನು ಎಣಿಸಿ ತಳಿಗಳ ಉಗ್ರತೆಯನ್ನು ಹೋಲಿಸುತ್ತಾರೆ.

ಈ ಅಧ್ಯಯನದ ಅಗತ್ಯ ಇಂದು ಹೆಚ್ಚಿದೆ. 2009ರಲ್ಲಿ ಜಪಾನಿನಿಂದ ಮೊದಲು ವರದಿಯಾದ ಕ್ಯಾಂಡಿಡಾ ಔರಿಸ್, 2013ರ ವೇಳೆಗೆ ದೆಹಲಿಯ ಆಸ್ಪತ್ರೆಗಳ ರೋಗಿಗಳ ರಕ್ತದಲ್ಲಿಯೂ ಕಂಡುಬಂದಿತು. ಅದರ ಅನೇಕ ತಳಿಗಳು ರೂಢಿಯ ಔಷಧಗಳಿಗೆ ಮಣಿಯುವುದಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಅತ್ಯಂತ ಗಂಭೀರ ಶಿಲೀಂಧ್ರಗಳ ಸಾಲಿಗೆ ಸೇರಿಸಿತು. ಅದರ ಕೋಶಗಳು ಗುಂಪುಗೂಡುವ ತಳಿಗಳಿಗಿಂತ ಬಿಡಿಯಾಗಿ ಉಳಿಯುವ ತಳಿಗಳೇ ಹೆಚ್ಚು ಉಗ್ರವೆಂದು 2016ರಲ್ಲಿ ತೋರಿಸಿಕೊಟ್ಟುದು ಇದೇ ಮರಿಹುಳು.

ಆದರೂ ಹುಳುವಿಗೆ ನಮ್ಮಂತೆ ಶ್ವಾಸಕೋಶವಿಲ್ಲ, ಪ್ರತಿಕಾಯಗಳೂ ಇಲ್ಲ. ಹುಳುವನ್ನು ಉಳಿಸಿದ ಔಷಧವೆಲ್ಲ ಮನುಷ್ಯನನ್ನೂ ಉಳಿಸೀತೆಂದು ಹೇಳಲಾಗದು. ಹುಳು ಮೊದಲ ಜರಡಿ ಮಾತ್ರ; ಇಲಿಯ ಪರೀಕ್ಷೆ, ಬಳಿಕ ಮನುಷ್ಯರಲ್ಲಿ ಎಚ್ಚರಿಕೆಯ ಪರೀಕ್ಷೆ ಇವೆರಡೂ ಮುಂದಿನ ಜರಡಿಗಳು. ಹೊಸ ಔಷಧ ಬರಲು ವರ್ಷಗಳು ಹಿಡಿಯುವುದು ಇದರಿಂದಲೇ. ಅಲ್ಲಿಯವರೆಗೆ ಇರುವ ಔಷಧಗಳನ್ನು ವೈದ್ಯರ ಸಲಹೆಯಂತೆ ಮಾತ್ರ ಬಳಸುವುದು, ಆಸ್ಪತ್ರೆಯಲ್ಲಿ ರೋಗಿಯನ್ನು ಮುಟ್ಟುವ ಮುನ್ನ ಮತ್ತು ಅನಂತರ ಕೈಗಳನ್ನು ಶುಚಿಗೊಳಿಸುವುದು ನಮ್ಮೆಲ್ಲರ ಹೊಣೆ.